ಅತ್ತೆ ಕೂತ ಕಟ್ಟೆಗಲ್ಲು

ಇಲ್ಲ, ಆವತ್ತು ಮಂಗಳವಾರ ಇರಲಿಕ್ಕಿಲ್ಲ. ದೇವಿಯ ವಾರ ಎಂದರೆ ಕತೆ ತೀರಾ ಚೆನ್ನಾಗಿ ಹೊಂದಿಕೊಳ್ಳುತ್ತದೆ, ಅದಕ್ಕೇ ನನಗೆ ಅನುಮಾನ. ಆದರೆ ನನ್ನ ಸೋದರತ್ತೆ ನಿಪ್ಪಾಣಿಯ ರಸ್ತೆ ಬದಿಯಲ್ಲಿ, ಹಾಡಹಗಲೇ, ದೇವರ ಮೇಲೆ ಕೂತದ್ದು ನಿಜ! ನಾನೇ ಕಂಡಿದ್ದೇನೆ. ಅಥವಾ ಕೇಳಿ ಕೇಳಿ ಕಂಡಂತಾಗಿದೆ.

ಎಂಬತ್ತರ ದಶಕದ ಕೊನೆ. ರಸ್ತೆ ಅಗಲ ಮಾಡುವುದಕ್ಕಾಗಿ, ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಳೆಯ ಕಾಲೇಜನ್ನು ಕಲ್ಲುಕಲ್ಲಾಗಿ ಬಿಚ್ಚಿ ಊರ ಹೊರಗೆ ಮತ್ತೆ ಕಟ್ಟುವುದೆಂದಾಯಿತು. ಮೂಲತಃ ಅದು ತಂಬಾಕಿನ ವಖಾರಿ, ಅಂದರೆ ಗೋದಾಮು. ಗೋಡೆಗಳೊಳಗೆ ಘಾಟು ಇಳಿದುಹೋಗಿತ್ತು. ಅಲ್ಲಿ ಬಿ.ಎ. ಪಾಸಾಗಲು ಓದಿದರೆ ಸಾಲದು, ಸೀನನ್ನೂ ತಡೆಯಬೇಕಿತ್ತು ಎನ್ನುತ್ತಿದ್ದರು ಅತ್ತೆ. ಅವರು ಅಲ್ಲಿಯ ಮೊದಮೊದಲ ವಿದ್ಯಾರ್ಥಿನಿಯರಲ್ಲೊಬ್ಬರು. ಆಗೆಲ್ಲ ಹುಡುಗಿ ಒಳಗೆ ಪಾಠ ಕೇಳುವಷ್ಟು ಹೊತ್ತೂ ಮನೆಯವರೊಬ್ಬರು ಹೊರಗಿನ ಕಟ್ಟೆಯ ಮೇಲೆ ಕಾಯುತ್ತ ಕೂರಬೇಕು. ಕಾಯುವವರಿಲ್ಲದಿದ್ದರೆ ಕಾಲೇಜೂ ಇಲ್ಲ.

“ಊರೆಲ್ಲಾ ನಗತಿತ್ತು. ನಮ್ಮಪ್ಪ ಮಾತ್ರ ಕಟ್ಟಿ ಬಿಟ್ಟು ಏಳಲಿಲ್ಲ.” ಇದನ್ನು ಅತ್ತೆ ಎಷ್ಟು ಸಲ ಹೇಳಿದ್ದರೋ!

ಹೀಗಿರುವಾಗ ಕಟ್ಟಡ ಬಿಚ್ಚುವ ದಿನ ಅವರು ಮನೆಯಲ್ಲಿ ಕೂತಾರೆಯೇ? ಕಲ್ಲು ಬಿಚ್ಚುವ ಗೌಂಡಿಗಳಿಗಿಂತ ಮೊದಲೇ ಕೊಡೆ ಹಿಡಿದು ಹಾಜರು.

“ನೀವು ಯಾರ ಕಡೆಯವರ್ರಿ, ಬಾಯಾರ?” ಮೇಸ್ತ್ರಿ ಕೇಳಿದ.

“ಹೆಣ್ಣಿನ ಕಡೆಯಾಕಿ.”

“ಹೆಣ್ಣು ಯಾರ್ರಿ?”

“ಈ ಕಾಲೇಜು. ಸಾವಕಾಶ ಕರಕೊಂಡು ಹೋಗ್ರಿ.”

ಯಾವ ಕಲ್ಲು ಎಲ್ಲಿಯದೆಂದು ತಿಳಿಯಲು ಗೌಂಡಿಗಳು ಒಂದೊಂದಕ್ಕೂ ಕೆಮ್ಮಣ್ಣಿನ ಗುರುತು ಹಾಕಿ ರಸ್ತೆಯುದ್ದಕ್ಕೂ ಇಟ್ಟರು. ರಸ್ತೆ ಬದಿಯ ಕಲ್ಲು, ಅದರ ಮೇಲೆ ಕೆಂಪು ಬಣ್ಣ! ನಮ್ಮೂರ ಹೆಂಗಸರು ಸುಮ್ಮನೆ ದಾಟಿ ಹೋಗುತ್ತಾರೆಯೇ? ಕೊಡಗಟ್ಟಲೆ ನೀರು ಹಾಕಿ ತೊಳೆದರು, ಕುಂಕುಮ ಹಚ್ಚಿದರು, ಕಾಯಿ ಒಡೆದರು. ಪಾಯಖಾನೆಯ ಮೆಟ್ಟಿಲಿಗೂ ಆರತಿಯಾಯಿತು. ಗುರುತುಗಳೆಲ್ಲ ನೀರಿನ ಜೊತೆ ಗಟಾರಕ್ಕೆ ಹೋದವು.

ಮೇಸ್ತ್ರಿ ತಲೆಮೇಲೆ ಕೈಹೊತ್ತು ಕೂತ. “ಇನ್ನ ಗ್ವಾಡಿ ಹೆಂಗ ಕಟ್ಟಬೇಕಂತ ಈ ದೇವರನ್ನs ಕೇಳಬೇಕ್ರಿ!”

ಕಾಲೇಜು ಕಮಿಟಿಯವರೊಬ್ಬರಿಗೆ ಇದು ಅನುಕೂಲವೇ ಆಯಿತು. “ಹೊರಗಿನ ಕಟ್ಟಿ ಬಿಟ್ಟಬಿಡೂಣ್ರಿ. ಈಗ ಹುಡಿಗ್ಯಾರು ಸೈಕಲ್ ಮ್ಯಾಲ ಬರ್ತಾರ. ಕಟ್ಟಿ ಇದ್ರ ಪುಂಡ ಹುಡುಗೂರು ಬಂದು ಕುಂದರ್ತಾರ.”

ಅತ್ತೆ ಅವರೆದುರು ಬಂದು ನಿಂತರು. “ಆ ಕಲ್ಲು ಇಲ್ಲಂದ್ರ ನಾ ಓದೇ ಇಲ್ಲ ಅಂದಂಗ.”

“ಹಂಗಾರ ಯಾವ ಕಲ್ಲು? ತೋರಸ್ರಿ.”

ಅತ್ತೆ ಕೊಡೆ ಮಡಚಿದರು. ಸಾಲಿನ ಮೊದಲ ಕಲ್ಲಿನ ಮೇಲೆ ಕೂತರು. ಎದ್ದರು. “ಇದಲ್ಲ.” ಮುಂದಿನದರ ಮೇಲೆ ಕೂತರು. “ಇದೂ ಅಲ್ಲ.” ಹೀಗೆ ಕೂರುತ್ತ ಏಳುತ್ತ ಸಾಗಿದರು, ಸೀರೆಯ ಹಿಂಭಾಗವೆಲ್ಲ ಕುಂಕುಮ!

“ಅಯ್ಯಯ್ಯ, ದೇವರ ಮ್ಯಾಲ ಕುಂತೀರಲ್ರಿ, ಬಾಯಾರ!” ಆರತಿ ತಟ್ಟೆ ಹಿಡಿದವಳೊಬ್ಬಳು ಚೀರಿದಳು.

“ದೇವರಲ್ಲ ಬೇ, ಕಟ್ಟಿ! ನಮ್ಮಪ್ಪ ಕುಂತು ಕುಂತು ತಗ್ಗು ಬಿದ್ದೈತಿ, ನೋಡ.”

ಕಲ್ಲು ಸಿಕ್ಕಿತು. ಸಿಕ್ಕಿತೆಂದು ಅತ್ತೆ ಹೇಳಿದರು. ಅವರೊಡನೆ ವಾದಿಸುವ ಧೈರ್ಯ ಯಾರಿಗಿತ್ತು?

ಮನೆಗೆ ಬಂದು ಇದನ್ನೆಲ್ಲ ಅಪ್ಪನಿಗೆ ಹೇಳಿ ನಕ್ಕೆ. ಅತ್ತೆಯ ತಮ್ಮನಾದ ಅಪ್ಪ ನಗಲಿಲ್ಲ.

“ನಮ್ಮಪ್ಪ ಎಲ್ಲಿ ಕುಂತಿದ್ದ? ಅಕ್ಕ ಕಾಲೇಜಿಗಿ ಹೊಂಟ್ಲು ಅಂತ ಆಕಿ ಕೂಡ ಮಾತs ಬಿಟ್ಟಿದ್ದ. ಕುಂತಾಕಿ ಅವ್ವ. ತೊಡಿ ಮ್ಯಾಲ ಮೊರ ಇಟಗೊಂಡು, ಬೀಡಿ ಕಟಗೋತ.”

ತೊಂಬತ್ತರ ದಶಕದಲ್ಲಿ ಹೊಸ ಜಾಗದ ಕಟ್ಟಡ ಮುಗಿಯಿತು. ಬಾಗಿಲ ಮುಂದೆ ಕಟ್ಟೆಯೂ ಬಂತು. ಒಂದು ಸಂಜೆ ಅತ್ತೆಯ ಪಕ್ಕ ಅದರ ಮೇಲೆ ಕೂತು ಕೇಳಿದೆ: “ಅತ್ತಿ, ಅಜ್ಜ ಖರೇನ ಈ ಕಲ್ಲಿನ ಮ್ಯಾಲ ಕುಂದರತಿದ್ನಾ?”

“ಹೂಂ. ನಮ್ಮಪ್ಪ.”

ಹುಡುಗಿಯರು ಕಿಲಕಿಲ ನಗುತ್ತ ಹೊರಬಂದು ಸೈಕಲ್ ಹತ್ತಿದರು. ಯಾರಿಗಾಗಿಯೂ ಯಾರೂ ಕಾದಿರಲಿಲ್ಲ. ಅತ್ತೆ ಅವರನ್ನೇ ನೋಡುತ್ತಿದ್ದರು. ಮಡಿಲಲ್ಲಿ ಅತ್ತೆಯ ಬೆರಳುಗಳು, ಅವರಿಗೇ ತಿಳಿಯದಂತೆ, ಇಲ್ಲದ ಎಲೆಯೊಂದನ್ನು ಸುರುಳಿ ಸುತ್ತಿ, ತುದಿ ಮಡಚಿ, ದಾರ ಕಟ್ಟುತ್ತಿದ್ದವು.

ಈಗ ಅತ್ತೆಯೂ ಇಲ್ಲ, ಅಪ್ಪನೂ ಇಲ್ಲ. ಆ ಕಲ್ಲು ಅದೇ ಹೌದೋ, ನನಗೆ ಗೊತ್ತಿಲ್ಲ. ಅದರ ಮೇಲೆ ಕೂತವರು ಯಾರೆಂದೂ ಗೊತ್ತಿಲ್ಲ.