ನಲವತ್ತು ಕೊಡದ ಮಳೆ

ನರಸಣ್ಣನಿಗೆ ಸಿಟ್ಟು ಬರಲು ಕಾರಣವೇ ಬೇಕಿರಲಿಲ್ಲ. ಆದರೆ ಆ ದಿನ ಭರ್ಜರಿ ಕಾರಣವೊಂದು ಸಿಕ್ಕಿಬಿಟ್ಟಿತ್ತು. ಅವನು ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಬತ್ತದ ಚೀಲ ತೂಗುತ್ತಿದ್ದ ಹೊತ್ತಿನಲ್ಲಿ ಹೆಂಡತಿ ಯಂಕಮ್ಮ ಹೋಗಿ ಮನೆ ಗೊತ್ತು ಮಾಡಿ ಬಂದಿದ್ದಳು. ಸೀರೆಯಲ್ಲ, ಬಳೆಯಲ್ಲ, ಸಾಕ್ಷಾತ್ ಮನೆ. ಮಾರುವವಳು ಹಿಂದಿನ ಓಣಿಯ ಮುದುಕಮ್ಮ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದವಳು, ಈಗ ಮಸ್ಕಿಯ ಮಗಳ ಮನೆಗೆ ಹೊರಟು ನಿಂತಿದ್ದಳು.

ಯಂಕಮ್ಮ ಆರು ವರ್ಷದಿಂದ ಬಾಡಿಗೆ ಕೋಣೆಯಲ್ಲಿದ್ದಳು. ಖಾರ ಕುಟ್ಟಬೇಕಾದರೂ ಮಾಲಕಿಯ ಅಪ್ಪಣೆ ಬೇಕು. (ಮಾಲಕಿಗೆ ಮಧ್ಯಾಹ್ನದ ನಿದ್ದೆ ಎಂದರೆ ಪೂಜೆ ಇದ್ದಂತೆ.) ಸ್ವಂತ ಒರಳು ಹೂಳುವಷ್ಟು ಅಂಗಳ ಕಂಡದ್ದೇ ತಡ, ಅವಳು ಎಲೆ ಅಡಿಕೆ ಕೊಟ್ಟು ಮಾತು ಮುಗಿಸಿಬಿಟ್ಟಿದ್ದಳು.

ನರಸಣ್ಣ ಕೆಂಡವಾದ. ಕಾಲುವೆ ಬಂದ ಮೇಲೆ ಈ ಎರೆ ನೆಲ ನೀರು ಕುಡಿದು ಉಬ್ಬುತ್ತದೆ, ಗೋಡೆಗಳು ಬಾಯಿ ಬಿಡುತ್ತವೆ, ಮೇಲಿನ ಮಣ್ಣಿನ ಮಾಳಿಗೆಗಳು ಜಗ್ಗುತ್ತವೆ, ಇಂಥದ್ದರಲ್ಲಿ ಪರೀಕ್ಷೆ ಮಾಡದೆ ಮನೆ ಹಿಡಿಯುವವರಿಗೆ ತಲೆ ಇದೆಯೋ ಇಲ್ಲವೋ ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ಮದುವೆಗೆ ಮುಂಚೆ ನಮ್ಮಪ್ಪ ನಿಮ್ಮನ್ನೂ ಪರೀಕ್ಷೆ ಮಾಡಿಸಬೇಕಿತ್ತು ಎಂದು ಯಂಕಮ್ಮ ಅಷ್ಟೇ ದೊಡ್ಡ ದನಿಯಲ್ಲಿ ಹೇಳಿದಳು.

ಅವನು ಮನೆ ಕಟ್ಟುವ ಗೌಂಡಿ ಗ್ಯಾನಪ್ಪನನ್ನು ಕರೆತಂದ. ಗ್ಯಾನಪ್ಪ ಗೋಡೆ ಬಡಿದ, ತೊಲೆ ಕೆರೆದ, ಎಲ್ಲ ಗಟ್ಟಿ ಎಂದ. ಮಾಳಿಗೆ ಸೋರುತ್ತದೋ ಇಲ್ಲವೋ ಮಾತ್ರ ಮಳೆ ಬಂದ ಮೇಲೇ ಗೊತ್ತಾಗುವುದು ಎಂದ. ಆಗಿನ್ನೂ ಕೆಂಡದಂಥ ಬೇಸಿಗೆ.

"ಮಳಿ ನಾನ ತರಿಸ್ತೀನಿ," ಎಂದ ನರಸಣ್ಣ. ಮುದುಕಮ್ಮನ ಕಡೆ ತಿರುಗಿ, "ನೀರು ಹೊಯ್ದು ನೋಡೂತನಕ ನಿಮ್ಮ ಮಾತೂ ಇಲ್ಲ, ನಮ್ಮ ಮಾತೂ ಇಲ್ಲ," ಎಂದ.

"ಆಗ್ಲಿ ಬಿಡಪಾ," ಎಂದಳು ಮುದುಕಮ್ಮ. ಯಂಕಮ್ಮ ಹಲ್ಲು ಕಚ್ಚಿಕೊಂಡಳು.

ಗಿರಣಿಯ ಇಬ್ಬರು ಹಮಾಲರು ಬಾವಿಯಿಂದ ನೀರು ಹೊತ್ತು ಏಣಿ ಹತ್ತಿದರು. ನರಸಣ್ಣ ಒಳಗೆ ನೆಲದ ಮೇಲೆ ಅಂಗಾತ ಮಲಗಿ ಜಂತಿಗಳನ್ನೇ ನೋಡುತ್ತ ಹನಿಗಾಗಿ ಕಾದ. ಹತ್ತು ಕೊಡವಾಯಿತು, ಇಪ್ಪತ್ತಾಯಿತು. ಹನಿ ಬೀಳಲಿಲ್ಲ. ಬಿದ್ದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಮೂಲೆಯ ಮೇಲೆ ಹೊಯ್ಯಿರಿ ಎಂದು ಕೂಗಿದ, ನಡುವೆ ಹೊಯ್ಯಿರಿ ಎಂದು ಕೂಗಿದ. ನಲವತ್ತನೆಯ ಕೊಡಕ್ಕೆ ಅವನ ಗಂಟಲು ಒಣಗಿತ್ತು, ಮಾಳಿಗೆಯ ಒಳಮೈಯೂ ಹಾಗೆಯೇ ಒಣಗಿತ್ತು. ಅಷ್ಟರಲ್ಲಿ ಅಂಗಳದ ತುಂಬ ಜನ ಸೇರಿದ್ದರು.

"ಮಾಳಿಗಿ ಮ್ಯಾಲೆ ಹಾಕಿದ ಸವಳು ಮಣ್ಣು ಕಲ್ಲಿನಂಗ ಕುಂತೈತ್ರಿ," ಎಂದು ಗ್ಯಾನಪ್ಪ ಮೇಲಿನಿಂದ ಎಲ್ಲರಿಗೂ ಕೇಳುವಂತೆ ಸಾರಿದ. "ಇನ್ನ ಹತ್ತು ಮಳಿಗಾಲ ಈ ಮನಿಗೆ ಚಿಂತಿ ಇಲ್ಲ."

ಯಂಕಮ್ಮನ ಮುಖ ಅರಳಿತು. ಒರಳು ಎಲ್ಲಿ ಹೂಳುವುದೆಂದು ಅಂಗಳದಲ್ಲಿ ಹೆಜ್ಜೆ ಹಾಕಿ ನೋಡಿದಳು. ಆಗ ಮುದುಕಮ್ಮ ಕಟ್ಟಿಟ್ಟಿದ್ದ ಗಂಟು ಬಿಚ್ಚತೊಡಗಿದಳು.

"ಯಾಕತ್ತೀ, ಗಂಟು ಬಿಚ್ಚಾಕತ್ತೀರಿ?" ಎಂದು ಯಂಕಮ್ಮ ಕೇಳಿದಳು.

"ಮಾಳಿಗಿ ತಲಿ ಮ್ಯಾಲೆ ಬಿದ್ದೀತು ಅಂತ ಹೆದರಿ ಮಗಳ ಮನಿಗೆ ಹೊಂಟಿದ್ದೆ. ಅಳಿಯನ ಮಾರಿ ನೋಡಕೊಂತ ಕೂಡೋದು ಯಾರಿಗೆ ಬೇಕಾಗೇತಿ. ಈಗ ಧೈರ್ಯ ಬಂತು, ಇಲ್ಲೇ ಇರ್ತೀನಿ."

ನರಸಣ್ಣನಿಗೆ ಸಿಟ್ಟು ನೆತ್ತಿಗೇರಿತು. "ಅಂದ್ರ ಬೀಳೋ ಮಾಳಿಗಿ ಅಂತ ತಿಳದು ನಮ್ಮ ತಲಿ ಮ್ಯಾಲೆ ಹಾಕಾಕ ನಿಂತಿದ್ದೇನು?"

"ನಿನ್ನ ತಲಿ ಗಟ್ಟಿ ಐತಿ ಅಂದ್ಕೊಂಡಿದ್ದೆ," ಎಂದಳು ಮುದುಕಮ್ಮ, ಎಲೆಗೆ ಸುಣ್ಣ ಹಚ್ಚುತ್ತ. "ಮಾತು ಮುರಿದವನು ನೀನ ಅಲ್ಲೇನಪಾ. ಬೇಕಾದ್ರ ಹಿಂದಿನ ಕೋಣಿ ಖಾಲಿ ಐತಿ, ಬಾಡಿಗಿಗೆ ಬರ್ರಿ. ಯಂಕಮ್ಮಾ, ಖಾರ ಯಾವಾಗರ ಕುಟ್ಟಿಕೋ."

ತಾನು ಸತ್ತರೂ ಬರುವುದಿಲ್ಲ ಎಂದು ನರಸಣ್ಣ ಬಾಯಿ ತೆರೆಯುವಷ್ಟರಲ್ಲಿ ಯಂಕಮ್ಮ ಹೂಂ ಎಂದಾಗಿತ್ತು. ಆ ವಾರವೆಲ್ಲ ಅವಳು ಗಂಡನ ಜೊತೆ ಆಡಿದ್ದು ಎರಡೇ ಮಾತು, ಎರಡೂ ಇಲ್ಲಿ ಬರೆಯುವಂಥವಲ್ಲ.

ಮೃಗಶಿರ ಮಳೆ ಹಿಡಿದ ದಿನ ಇಬ್ಬರೂ ಹಿಂದಿನ ಕೋಣೆಯಲ್ಲಿ ಊಟಕ್ಕೆ ಕುಳಿತಿದ್ದರು. ಮೊದಲ ಹನಿ ನರಸಣ್ಣನ ಸಾರಿಗೆ ಬಿತ್ತು, ಎರಡನೆಯದು ಮೂಗಿಗೆ. ಆಮೇಲೆ ಎಣಿಸಲಾಗಲಿಲ್ಲ. ಹಿಂದಿನ ಕೋಣೆಯ ಮಾಳಿಗೆಯೇ ಬೇರೆ, ಅದರ ಮೇಲೆ ಒಂದು ಚೊಂಬು ನೀರನ್ನೂ ಅವನು ಹೊಯ್ಯಿಸಿರಲಿಲ್ಲ.

ಯಂಕಮ್ಮ ತಾಟು ಎತ್ತಿಕೊಂಡು ಮುದುಕಮ್ಮನ ಪಡಸಾಲೆಗೆ ಹೋಗಿ ಗೋಡೆಗೆ ಒರಗಿ ಕುಳಿತು ಊಟ ಮುಂದುವರಿಸಿದಳು. ತಾನೂ ಬರಲೇ ಎಂದು ನರಸಣ್ಣ ಬಾಗಿಲಿಗೆ ಬಂದು ಕೇಳಿದ.

"ತಡೀರಿ," ಎಂದಳು ಅವಳು, ತುತ್ತು ಕಲಸುತ್ತ. "ಮೊದಲ ನಲವತ್ತು ಕೊಡ ಆಗ್ಲಿ."