ಕಂಪ್ಯೂಟರು ಹೆಸರು ಕೇಳಿದ ದಿನ

ಹುಣಸೂರಿನ ಬೀಜ-ಗೊಬ್ಬರದ ಸಗಟು ಅಂಗಡಿಯಲ್ಲಿ ಕೆಲಸಕ್ಕಿದ್ದ ಚೆಲುವರಾಜುವಿನ ಹೊಟ್ಟೆ ಉರಿಸಿದ್ದು ಒಂದೇ ಒಂದು ಸಾಲು. ಕೆ.ಆರ್. ನಗರ, ಸರಗೂರಿನ ಶಾಖೆಯವರು ದಾಸ್ತಾನಿನ ವಿವರ ತುಂಬಲು ಇಲ್ಲಿನ ದೊಡ್ಡ ಕಂಪ್ಯೂಟರಿಗೆ ಅಲ್ಲಿಂದಲೇ ಲಾಗಿನ್ ಆಗುತ್ತಿದ್ದರು. ಅದಕ್ಕೆ ಸ್ಕ್ರಿಪ್ಟ್, ಅಂದರೆ ಪುಟ್ಟದೊಂದು ಪ್ರೋಗ್ರಾಂ, ಬರೆದ ಪಕ್ಕದ ಕುರ್ಚಿಯ ಶರತ್, ಲಾಗಿನ್ ಹೆಸರು, ಪಾಸ್‌ವರ್ಡಿನ ಜಾಗದಲ್ಲಿ ತನ್ನದನ್ನೇ ಬರೆದುಬಿಟ್ಟಿದ್ದ. ಯಾರೇ ಕೆಲಸ ಮಾಡಲಿ, ಪರದೆಯ ಮೇಲೆ ‘ಶರತ್’!

“ಶರತ್‌ನ ನೋಡಿ ಕಲಿಯಪ್ಪ,” ಎನ್ನುತ್ತಿದ್ದರು ಮಾಲೀಕ ಶಿವನಂಜಪ್ಪ.

ಆ ಮಾತು ಚೆಲುವರಾಜುವಿಗೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು. ಇವತ್ತು ಸಂಜೆ ಮಾಲೀಕರು ಶಾಖೆಗಳಿಗೆ ಸೂಪರ್‌ವೈಸರ್ ಆರಿಸುವವರಿದ್ದರು; ಆ ಪಟ್ಟದ ಮೇಲೆ ಅವನಿಗೂ ಕಣ್ಣಿತ್ತು. ಬೆಳಿಗ್ಗೆಯೇ ಅವನು ಸ್ಕ್ರಿಪ್ಟ್ ತಿದ್ದಿದ: ಇನ್ನು ಮೇಲೆ ಪ್ರತಿಸಲವೂ ‘ನಿಮ್ಮ ಹೆಸರು? ಪಾಸ್‌ವರ್ಡ್?’ ಎಂದು ಕೇಳಬೇಕು.

ಹತ್ತು ಗಂಟೆಗೆ ಸರಗೂರು ಶಾಖೆಯಿಂದ ಪುಷ್ಪಾಳ ಫೋನು. “ಅಣ್ಣಾ, ಎಸ್ರು ಕೇಳ್ತದೆ, ಯೋಳುದ್ರೆ ಒಳಿಕ್ಕೆ ಬುಡಕ್ಕಿಲ್ಲ!”

ಕೆ.ಆರ್. ನಗರದ ನಂಜುಂಡೇಶನದು ಇನ್ನೊಂದು ಗೋಳು. “ನಂಜುಂಡೇಶ್ ಬಿನ್ ಮರಿಯಯ್ಯ, ಚುಂಚನಕಟ್ಟೆ ಅಂತ ಸರ್ಯಾಗೇ ಒಡ್ದಿವ್ನಿ ಕಣ್ಲಾ. ಇನ್ನೇನು, ರೇಷನ್ ಕಾರ್ಡ್ ಕೇಳ್ತದಾ?”

ಕಂಪ್ಯೂಟರಿಗೆ ಗೊತ್ತಿದ್ದದ್ದು ಎರಡೇ ಹೆಸರು: ಶರತ್, ಚೆಲುವರಾಜು. ಉಳಿದವರಿಗೂ ಒಂದೊಂದು ಹೆಸರು ಕೂಡಿಸುವುದು ಚಿಟಿಕೆ ಹೊಡೆದಷ್ಟು ಸುಲಭ. ಆದರೆ ಹೊಟ್ಟೆಯೊಳಗಿನ ಉರಿ ಬೇರೆ ದಾರಿ ತೋರಿಸಿತು.

“ನನ್ನೆಸ್ರು ಆಕ್ಬುಡಿ,” ಎಂದ ಇಬ್ಬರಿಗೂ. “ಪಾಸ್‌ವರ್ಡ್ ನಾ ಯೋಳ್ತೀನಿ.”

ನೆಟ್‌ವರ್ಕ್ ಕಡಿದಾಗಲೆಲ್ಲ ಕಂಪ್ಯೂಟರು ಮತ್ತೆ ಹೆಸರು ಕೇಳಿತು, ಇಬ್ಬರೂ ಮತ್ತೆ ಪಾಸ್‌ವರ್ಡ್ ಮರೆತರು. ಪಾಸ್‌ವರ್ಡ್ ಹೇಳೀ ಹೇಳೀ ಅವನ ಗಂಟಲು ತುಕ್ಕು ಹಿಡಿದ ಗೇಟಿನಂತಾಯಿತು. ಮಧ್ಯಾಹ್ನದ ಮುದ್ದೆ ತಟ್ಟೆಯಲ್ಲೇ ಕಲ್ಲಾಯಿತು. ಪಕ್ಕದಲ್ಲಿ ಶರತ್ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದ.

“ಏನ್ಲಾ, ಬೆಳಿಗ್ಗಿಂದ ಒಂದೇ ಸಮ್ನೆ ಫೋನು?”

“ಏನಿಲ್ಲ ಬುಡ್ಲಾ, ನೀ ತಿನ್ನು.”

ಸಂಜೆ ಶಿವನಂಜಪ್ಪ ಕನ್ನಡಕ ಏರಿಸಿ ಪರದೆ ನೋಡಿದರು. ಮೇಲಿನಿಂದ ಕೆಳಗಿನವರೆಗೂ ‘ಚೆಲುವರಾಜು’, ‘ಚೆಲುವರಾಜು’. ಚೆಲುವರಾಜು ಅಂಗಿಯ ಕಾಲರ್ ಸರಿಮಾಡಿಕೊಂಡ.

“ಶಭಾಷ್ ಕಣಪ್ಪಾ! ದೊಡ್ಡ ಪೇಚಿಂದ ಪಾರು ಮಾಡ್ದೆ,” ಎಂದರು. “ಶರತ್ ಎದ್ದೋದ್ರೆ ಇಲ್ಲಿ ಕೆಲ್ಸ ನಿಂತೋಯ್ತದೆ ಅಂತ, ನಿನ್ನೇ ಸೂಪರ್‌ವೈಸರ್ ಮಾಡಾಣ ಅಂತಿದ್ದೆ. ಈಗ ನೋಡುದ್ರೆ ಎಲ್ಲಾನೂ ನೀನೊಬ್ನೇ ಎಳೀತಿದ್ದೀಯ! ನಿನ್ನ ಈ ಕುರ್ಚಿಯಿಂದ ಎಬ್ಬುಸಕ್ಕಾಯ್ತದಾ? ಅವನೇ ಓಗ್ಲಿ ಬುಡು. ಎಂಗೂ ಖಾಲಿ ಕೂತವ್ನೆ.”

ಶರತ್ ಕೈ ಒರೆಸಿಕೊಂಡು ಎದ್ದು ಬಂದು ಚೆಲುವರಾಜುವನ್ನು ತಬ್ಬಿಕೊಂಡ.

“ನಿನ್ನಂಗೆ ಇನ್ನೊಬ್ರ ಏಳ್ಗೆ ಬಯಸೋನ್ನ ನಾ ಕಂಡೇ ಇಲ್ಲ ಕಣ್ಲಾ!”