ಸಾವಕಾರರ ಕಾರಿನ ಪಟ್ಟಿ

ಗೋಕಾಕದ ಬೆಲ್ಲದ ವ್ಯಾಪಾರಿ ಗುರುಲಿಂಗಪ್ಪ ಸಾವಕಾರರ ಹೊಸ ಕಾರಿಗೆ ಎಲ್ಲವೂ ಇತ್ತು, ಪಕ್ಕದ ಪಟ್ಟಿ ಒಂದನ್ನು ಬಿಟ್ಟು. ನಾಲ್ಕು ಬಾಗಿಲು, ಕಿಟಕಿಯ ಕಾಜು ಇಳಿಸುವ ಹಿಡಿಕೆ, ಊರೆಲ್ಲ ಕೇಳುವ ಹಾರ್ನು, ಮೈತುಂಬ ಬೂದಿ ಬಣ್ಣ. ಚಿಕ್ಕ ಕಾರು, ಊರವರು ಬೇಬಿ ಕಾರು ಎನ್ನುತ್ತಿದ್ದರು. ನಾಲ್ಕು ವರ್ಷ ಪಾಳಿ ಕಾದು ತಂದದ್ದು. ಆದರೆ ಹುಕ್ಕೇರಿಯ ಬೀಗರಾದ ಮುರಿಗೆಪ್ಪನವರು ಅದೇ ಕಾರಿನಲ್ಲಿ ಮೇಲಿನ ದರ್ಜೆಯದನ್ನು ಕೊಂಡಿದ್ದರು. ಅದಕ್ಕೆ ಎರಡು ಬಣ್ಣ, ಒಳಗೊಂದು ಗಡಿಯಾರ, ಎರಡೂ ಪಕ್ಕಕ್ಕೆ ಫಳಫಳ ಹೊಳೆಯುವ ಪಟ್ಟಿ. ಹೋದ ತಿಂಗಳು ಬಂದಾಗ ಅವರು ಗುರುಲಿಂಗಪ್ಪನವರ ಕಾರನ್ನು ಒಂದು ಸುತ್ತು ಹಾಕಿ, "ಬೀಗರ, ಇದಕ್ಕ ಪಟ್ಟಿ ಬಂದಿಲ್ಲೇನ್ರಿ?" ಎಂದು ಕೇಳಿದರು. ಕೇಳಿದ್ದು ಅಷ್ಟೇ. ಅಂದಿನಿಂದ ಸಾವಕಾರರಿಗೆ ಊಟ ಸೇರಲಿಲ್ಲ.

ಅಂಥ ಪಟ್ಟಿ ಬೆಳಗಾವಿಯಲ್ಲೂ ಸಿಗಲಿಲ್ಲ. ಕೊನೆಗೆ ಸಾವಕಾರರು ಗೊಂಬೆ ಮಾಡುವ ಪರಸಪ್ಪನನ್ನು ಕರೆಸಿದರು. ಪರಸಪ್ಪನ ಕೈ ಸಾಮಾನ್ಯದ್ದಲ್ಲ. ಅವನು ಮಾಡಿದ ಕಟ್ಟಿಗೆಯ ಮಾವಿನಹಣ್ಣು ಕಚ್ಚಿ ಹಲ್ಲು ಮುರಿದುಕೊಂಡವರು ಊರಲ್ಲಿ ಇಬ್ಬರಿದ್ದರು.

"ಬೀಗರ ಕಾರಿಗೆ ಏನೇನ ಐತಿ, ಎಲ್ಲಾ ಇದಕ್ಕ ಬರಬೇಕ. ಕೂಲಿ ಏನ ತಗೋತಿ?" ಎಂದರು ಸಾವಕಾರರು.

"ಕೂಲಿ ಬ್ಯಾಡ್ರಿ. ನನ್ನ ಹೇಣ್ತೀನ್ನ ಮುಂದಿನ ಸೀಟಿನ್ಯಾಗ ಕುಂದರಿಸಿ ಒಮ್ಮಿ ಮೇಲವಂಕಿಗಿ, ಅಕಿ ತವರಮನಿಗಿ ಬಿಟ್ಟ ಬರ್ರಿ. ಅಷ್ಟ ಸಾಕ."

ಮದುವೆಯಾಗಿ ಇಪ್ಪತ್ತೆರಡು ವರ್ಷ. ಹೆಂಡತಿ ಯಮನವ್ವ ಒಂದು ದಿನವೂ ಇಂಥದು ಬೇಕು ಎಂದವಳಲ್ಲ. ಒಮ್ಮೆ ಮಾತ್ರ, ಸಾವಕಾರರ ಕಾರು ಧೂಳು ಎಬ್ಬಿಸಿ ಹೋದಾಗ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಒಳಗ ಕುಂತವರಿಗಿ ಧೂಳ ಹತ್ತೂದಿಲ್ಲ ನೋಡ್ರಿ" ಎಂದಿದ್ದಳು. ದೂರಿನ ಮಾತಲ್ಲ, ಸುಮ್ಮನೆ ಅಂದದ್ದು. ಆದರೂ ಅದು ಪರಸಪ್ಪನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಮೂರು ದಿನದಲ್ಲಿ ಕಾರಿಗೆ ಮೇಲೆ ಕೆನೆಬಣ್ಣ, ಕೆಳಗೆ ಗಿಳಿಹಸಿರು ಬಂತು. ಒಳಗೆ ಕಟ್ಟಿಗೆಯ ಗಡಿಯಾರ ಕೂತಿತು. ನಾಲ್ಕನೆಯ ದಿನಕ್ಕೆ ಪಟ್ಟಿಯ ಕೆಲಸ ಉಳಿಯಿತು. ಅಂದೇ ಮಧ್ಯಾಹ್ನ ಬೀಗರು ಊಟಕ್ಕೆ ಬರುವವರಿದ್ದರು. ಅವರು ಕಾರು ನೋಡಿದ ಮೇಲೆ ಯಮನವ್ವನ ಮೇಲವಂಕಿ ಪ್ರಯಾಣ.

ಬೆಳಗಿನಿಂದಲೇ ಓಣಿಯವರು ಸುತ್ತ ನಿಂತರು. ಕೆಲಸ ಒಬ್ಬನದು, ಸಲಹೆ ಊರಿನದು.

"ಪರಸಪ್ಪಾ, ಗಡಿಯಾರ ನಡಿಯಾಕತ್ತಿಲ್ಲಲ್ಲೋ" ಎಂದಳು ಪಕ್ಕದ ಮನೆಯ ಮುದುಕಿ ಭರಮವ್ವ.

"ನಡಿಯೂದು ಕಾರಿನ ಕೆಲಸ, ಚಿಗವ್ವ. ಗಡಿಯಾರದ್ದಲ್ಲ."

ಸೀಟಿಗೆ ಗವಸು ಹೊಲಿದ ದರ್ಜಿ ಯಲ್ಲಪ್ಪ ತಲೆ ಓರೆ ಮಾಡಿ ನೋಡಿದ. "ಮುಂದಿನ ದೀಪ ಎರಡೂ ಪಿಳಿಪಿಳಿ ನೋಡಾಕತ್ತಾವ. ಒಂದೀಟ ಹುಬ್ಬ ಬರದ್ರ ಲಕ್ಷಣ ಬರ್ತೈತಿ."

ಗೊಂಬೆಯವನಿಗೆ ಕಣ್ಣು ಹುಬ್ಬಿನ ಮಾತು ಹೇಳಿದರೆ ಕೇಳಬೇಕೆ? ಪರಸಪ್ಪ ಕುಂಚ ತೆಗೆದ. ಹುಬ್ಬು ಬರೆದೊಡನೆ ಕಾರು ಮುನಿದ ಸೋದರತ್ತೆಯಂತೆ ಕಂಡಿತು. ಅಳಿಸಿ, ಸ್ವಲ್ಪ ಬಾಗಿಸಿ ಬರೆದ. ಈಗ ನಾಚಿಕೊಂಡಿತು. ನಾಚಿಕೆಯೇ ಇರಲಿ ಎಂದು ಬಿಟ್ಟ. ಅಷ್ಟರಲ್ಲಿ ಒಂದು ತಾಸು ಹೋಗಿತ್ತು.

ಯಮನವ್ವ ಮದುವೆಯ ಸೀರೆ ಉಟ್ಟು, ತಾಯಿಗೆಂದು ಕರದಂಟಿನ ಗಂಟು ಹಿಡಿದು ಬಂದಳು. "ಈಗ ಕುಂತ ನೋಡ, ಆಮ್ಯಾಗ ನೆರಿಗಿ ಸಿಗಬೀಳಬಾರದ" ಎಂದು ಭರಮವ್ವ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದಳು. ಪರಸಪ್ಪ ಬಾಗಿಲನ್ನು ತೊಟ್ಟಿಲು ಮುಟ್ಟುವಷ್ಟು ಮೆತ್ತಗೆ ಮುಚ್ಚಿದ.

ಆಮೇಲೆ ಅವನಿಗೆ ಜಗತ್ತು ಮರೆಯಿತು. ಪಟ್ಟಿ ಕೂರುವ ಜಾಗ ಒರೆಸುವಾಗ ಕಾರಿನ ಮೈಮೇಲೆ ಉದ್ದುದ್ದ ಬಿರುಕು ಕಂಡವು. ಮೂವತ್ತು ವರ್ಷದಿಂದ ಆ ಕೈಗೆ ಒಂದೇ ಪಾಠ: ಕಟ್ಟಿಗೆಯಲ್ಲಿ ಬಿರುಕು ಕಂಡರೆ ತುಂಬಬೇಕು. ಹುಣಸೆಬೀಜದ ಅಂಟಿನಲ್ಲಿ ಕಟ್ಟಿಗೆಪುಡಿ ಕಲಸಿ, ಪ್ರತಿಯೊಂದು ಬಿರುಕಿಗೂ ಒತ್ತಿ ತುಂಬಿದ. ತಿಕ್ಕಿದ, ಮೇಲೆ ಬಣ್ಣ ಕೊಟ್ಟ. ಅದರ ಮೇಲೆ ಹೊಳೆಯುವ ಬೇಗಡೆ ಹಾಳೆ ಸುತ್ತಿದ ತೆಳು ಪಟ್ಟಿಯನ್ನು ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಅಖಂಡವಾಗಿ ಅಂಟಿಸಿದ. ಎರಡೂ ಪಕ್ಕ ಹಾಗೆಯೇ. ಗೋಕಾಕದ ಬಿಸಿಲು ಉಳಿದ ಕೆಲಸ ಮುಗಿಸಿತು. ಒಳಗೆ ಯಮನವ್ವ ಕಾಜಿನಿಂದ ಗಂಡನನ್ನೇ ನೋಡುತ್ತ ಕೂತಿದ್ದಳು.

ಮುರಿಗೆಪ್ಪನವರು ಬಂದರು. ಬಸ್ಸಿನಲ್ಲಿ ಬಂದಿದ್ದರು, ತಮ್ಮ ಕಾರಿನ ಪಟ್ಟಿಗೆ ಧೂಳು ಕೂಡಬಾರದೆಂದು ಅದನ್ನು ಮನೆಯಲ್ಲೇ ಧೋತರ ಹೊದಿಸಿ ನಿಲ್ಲಿಸುತ್ತಿದ್ದರು.

"ಬರ್ರಿ ಬೀಗರ, ಮೊದಲ ಒಂದ ಸುತ್ತ ಹೋಗಿ ಬರೂಣು" ಎಂದು ಗುರುಲಿಂಗಪ್ಪನವರು ಹಿಡಿಕೆ ಎಳೆದರು. ಬಾಗಿಲು ಬರಲಿಲ್ಲ. ಇನ್ನೊಂದನ್ನು ಎಳೆದರು. ಕಾಲು ಕೊಟ್ಟು ಎಳೆದರು. ನಾಲ್ಕೂ ಅಲ್ಲಾಡಲಿಲ್ಲ.

"ಪರಸಪ್ಪಾ, ಬಾಗಲಾ ಎಲ್ಲೆದಾವೋ?"

ಪರಸಪ್ಪ ತಾನು ಮುಚ್ಚಿದ ಬಿರುಕುಗಳನ್ನು ಈಗ ನೋಡಿದ, ಎಲ್ಲವೂ ಬಾಗಿಲಿನ ಸಂದು. "ಸಾವಕಾರ್ರ, ನಾ ಇಲ್ಲಿತನಕ ಸಾವಿರ ಕಟ್ಟಿಗಿ ಕಾರ ಮಾಡೇನ್ರಿ. ಒಂದರ ಬಾಗಲಾನೂ ತೆರಿತಿರಲಿಲ್ರಿ."

ಬಾಗಿಲು ತೆರೆಯದಿದ್ದರೆ ಮೇಲವಂಕಿಯೂ ಇಲ್ಲ ಎಂಬುದು ಹೊಳೆದದ್ದೇ ತಡ, ಪರಸಪ್ಪ ಉಳಿ ಕೊಡತಿ ತಂದು ತನ್ನ ಪಟ್ಟಿಗೆ ತಾನೇ ಇಟ್ಟ. ಆಗ ಮುರಿಗೆಪ್ಪನವರು ಅವನ ಮಣಿಕಟ್ಟು ಹಿಡಿದರು.

"ತಡಿಯೋ, ಒಡೀಬ್ಯಾಡ." ಅವರು ಬಗ್ಗಿ, ಪಟ್ಟಿಯ ಉದ್ದಕ್ಕೂ ಬೆರಳಾಡಿಸಿದರು. ಧ್ವನಿ ಸಣ್ಣದಾಯಿತು. "ಬೀಗರ, ನನ್ನ ಕಾರಿನ ಪಟ್ಟಿ ಬಾಗಲಕ್ಕೊಂದ ತುಂಡ ಐತ್ರಿ. ಇದು ಇಡೀ ಒಂದ ಐತಲ್ಲ. ಇದು ಯಾವ ದರ್ಜಾದ್ದು?"

ಗುರುಲಿಂಗಪ್ಪನವರು ಹಿಡಿಕೆ ಬಿಟ್ಟು, ಮೀಸೆ ಮುಟ್ಟಿಕೊಂಡರು. "ಇದು ನಿಮ್ಮದರ ಮ್ಯಾಲಿಂದ್ರಿ."

"ಮತ್ತ ಹತ್ತೂದ ಹೆಂಗ?"

"ಹತ್ತೂದಿಲ್ರಿ. ಹತ್ತಾಕ ಎತ್ತಿನ ಬಂಡಿ ಐತಿ."

ಮುರಿಗೆಪ್ಪನವರು ಒಪ್ಪಿ ತಲೆದೂಗಿದರು. ಆ ದೊಡ್ಡ ಮನುಷ್ಯನ ಕಣ್ಣಲ್ಲಿ ಅಸೂಯೆ ನೋಡಿ ಸಾವಕಾರರಿಗೆ ಒಂದು ತಿಂಗಳ ಹಸಿವು ಒಮ್ಮೆಲೇ ಬಂತು. ಪರಸಪ್ಪನ ಉಳಿಯನ್ನು ಕಸಿದು ಕಿಸೆಗೆ ಹಾಕಿಕೊಂಡರು.

"ನಾ ಇರೂತನಕ ಈ ಪಟ್ಟಿಗಿ ಯಾರೂ ಉಳಿ ಹಚ್ಚಾಂಗಿಲ್ಲ."

"ಮತ್ತ ಮೇಲವಂಕಿ, ಸಾವಕಾರ್ರ?"

"ಇಷ್ಟ ಚಂದ ಮಾಡಂತ ನಿನಗ ಯಾರ ಹೇಳಿದ್ರೋ?" ಎಂದು ಪ್ರೀತಿಯಿಂದ ಅವನ ಬೆನ್ನು ತಟ್ಟಿ, ಬೀಗರನ್ನು ಊಟಕ್ಕೆ ಕರೆದೊಯ್ದರು.

ಕಾಜು ಇಳಿಸಿ, ಭರಮವ್ವ ಕೈ ಹಿಡಿದು, ಯಲ್ಲಪ್ಪ ಮುಖ ತಿರುಗಿಸಿ ನಿಂತು, ಯಮನವ್ವನನ್ನು ಕಿಟಕಿಯಿಂದ ಇಳಿಸಿದರು. ಪಟ್ಟಿಗೆ ಒಂದು ಗೀರೂ ಬೀಳಲಿಲ್ಲ.

ಮೇಲವಂಕಿಯ ಬಸ್ಸು ತುಂಬಿತ್ತು. ಇಬ್ಬರೂ ನಿಂತೇ ಹೊರಟರು. ಪರಸಪ್ಪ ಕಿಟಕಿಯಾಚೆಯ ಧೂಳು ನೋಡುತ್ತ ಮಾತು ತೆಗೆದ.

"ತಪ್ಪಾತ ಯಮನವ್ವ. ಕೈಗಿ ರೂಢಿ. ನನಗ ಗೊತ್ತ ಆಗಲಿಲ್ಲ."

"ನನಗ ಗೊತ್ತಾಗಿತ್ರಿ. ನೀವು ಮೊದಲನೇ ಬಾಗಲದ ಸಂದ ತುಂಬೂ ಮುಂದನ ನೋಡೇನಿ."

"ಮತ್ಯಾಕ ಹೇಳಲಿಲ್ಲ?"

ಯಮನವ್ವ ಕರದಂಟಿನ ಗಂಟನ್ನು ಎದೆಗೊತ್ತಿಕೊಂಡಳು. "ಇಪ್ಪತ್ತೆರಡ ವರ್ಷ ನೀವು ಗೊಂಬಿ ಮುಂದ ಕುಂತಾಗ ನಾ ನಿಮ್ಮ ಬೆನ್ನ ಅಷ್ಟ ನೋಡೇನ್ರಿ. ಕೆಲಸದಾಗ ನಿಮ್ಮ ಮಾರಿ ಹೆಂಗ ಇರ್ತೈತಿ ಅಂತ ಇವತ್ತ ಕಾಜಿನ್ಯಾಗ ಕಂಡೇನಿ. ಹೇಳಿದ್ರ ನಿಲ್ಲಸ್ತಿದ್ರಿ."